ಉದ್ದ ಇಂಗ್ಲಿಷ್ ಪದಗಳನ್ನು ಬಾಲದಿಂದ ಹಿಡಿಯುವುದು

ಉದ್ದ ಪದ ಸಿಕ್ಕರೆ ಮೊದಲು ಅದರ ಸಿಲಬಲ್, ಅಂದರೆ ಒಂದೊಂದು ಸ್ವರದ ಸುತ್ತ ಕೂಡುವ ಉಚ್ಚಾರಣೆಯ ತುಂಡು, ಎಣಿಸಿ. ಎಣಿಸಬೇಕಾದ್ದು ಕಿವಿಗೆ ಬೀಳುವ ಸ್ವರಗಳನ್ನು, ಬರೆದ ಅಕ್ಷರಗಳನ್ನಲ್ಲ. ‘ಸ್ಟ್ರೆಂಗ್ತ್’ ಇಂಗ್ಲಿಷಿನಲ್ಲಿ ಬರೆಯಲು 8 ಅಕ್ಷರ ಬೇಕು, ಸಿಲಬಲ್ ಮಾತ್ರ ಒಂದೇ. ‘ಏರಿಯಾ’ಗೆ 4 ಅಕ್ಷರ ಸಾಕು, ಸಿಲಬಲ್ 3.

ನಿಜವಾದ ತೊಡಕು ಸ್ಟ್ರೆಸ್‌ನಲ್ಲಿ, ಅಂದರೆ ಉಚ್ಚಾರಣೆಯ ಒತ್ತಿನಲ್ಲಿದೆ. ಕನ್ನಡದಲ್ಲಿ ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದು ಸಿಲಬಲ್ ಗಟ್ಟಿಯಾಗಿ, ತುಸು ಎಳೆದು ಬರುತ್ತದೆ. ಅಕ್ಕಪಕ್ಕದವು ಎಷ್ಟೋ ಸಲ ಸವೆದು ‘ಅ’ ಥರ ಕೇಳಿಸುತ್ತವೆ. ಆ ಸವೆದ ಸ್ವರಕ್ಕೆ ಶ್ವಾ ಎನ್ನುತ್ತಾರೆ. ‘ಬನಾನಾ’ದಲ್ಲಿ ನಡುವಿನ ‘ನಾ’ ಒಂದೇ ಗಟ್ಟಿ, ಆಚೆ ಈಚೆ ಎರಡೂ ಶ್ವಾ.

ಪದ ಬೆಳೆದರೆ ಸ್ಟ್ರೆಸ್ ಜಾಗ ಬಿಡುತ್ತದೆ. ‘ಫೋಟೋಗ್ರಾಫ್’ನಲ್ಲಿ ಅದು ಮೊದಲ ಸಿಲಬಲ್ ಮೇಲೆ. ‘ಫೋಟೋಗ್ರಫಿ’ ಆದರೆ ಎರಡನೆಯದಕ್ಕೆ ಜಿಗಿಯುತ್ತದೆ: ಫ-ಟಾ-ಗ್ರ-ಫಿ. ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಇದನ್ನೆಲ್ಲ ಬಾಯಿಪಾಠ ಮಾಡುವುದು ಆಗದ ಕೆಲಸ, ಅಲ್ವಾ? ಅದಕ್ಕೇ ಬಾಲ ನೋಡಬೇಕು. ಷನ್, ಇಕ್, ಇಟಿ ಅಂತ ಮುಗಿದರೆ ಸ್ಟ್ರೆಸ್ ಸಾಮಾನ್ಯವಾಗಿ ಅದರ ಹಿಂದಿನ ಸಿಲಬಲ್ ಮೇಲೆ ಬೀಳುತ್ತದೆ. ‘ಎಜುಕೇಟ್’ನಲ್ಲಿ ‘ಎ’ ಗಟ್ಟಿ, ‘ಎಜುಕೇಷನ್’ನಲ್ಲಿ ‘ಕೇ’ ಗಟ್ಟಿ. ‘ಪಾಲಿಟಿಕ್ಸ್’, ‘ಅರಬಿಕ್’ ಈ ಮಾತು ಕೇಳುವುದಿಲ್ಲ. ಅಂಥವನ್ನು ಹಾಗೇ ನೆನಪಿಡಬೇಕು. ನೆಸ್, ಫುಲ್, ಲೆಸ್ ಪಾಪದವು. ಎಲ್ಲಿಗೆ ಅಂಟಿದರೂ ಸ್ಟ್ರೆಸ್ ಮುಟ್ಟುವುದಿಲ್ಲ.

ಅರ್ಥಕ್ಕೆ ಪದ ಒಡೆಯುವುದು ಬೇರೆ ಲೆಕ್ಕ. ‘ಅನ್‌ಪ್ರಿಡಿಕ್ಟಬಲ್’ ನೋಡಿ: ‘ಅನ್’ ಅಂದರೆ ಇಲ್ಲ, ‘ಪ್ರಿ’ ಮುಂಚೆ, ‘ಡಿಕ್ಟ್’ ಹೇಳು, ‘ಏಬಲ್’ ಆಗುವಂಥದ್ದು. ಮುಂಚೆಯೇ ಹೇಳಲಾಗದ್ದು. ಆದರೆ ಅರ್ಥದ ತುಂಡು, ಸಿಲಬಲ್ ತುಂಡು ಒಂದೇ ಕಡೆ ಕತ್ತರಿಸುತ್ತವೆ ಅಂತ ನಂಬಬೇಡಿ. ‘ಹೆಲಿಕಾಪ್ಟರ್’ ಬಾಯಲ್ಲಿ ಹೆ-ಲಿ-ಕಾಪ್-ಟರ್. ಹುಟ್ಟಿದ್ದು ಮಾತ್ರ ಎರಡು ಗ್ರೀಕ್ ತುಂಡುಗಳಿಂದ: ‘ಹೆಲಿಕೊ’, ಅಂದರೆ ಸುರುಳಿ, ‘ಪ್ಟೆರ್’, ಅಂದರೆ ರೆಕ್ಕೆ. ‘ಕಾಪ್ಟರ್’ ಎನ್ನುವ ತುಂಡು ಗ್ರೀಕಿನಲ್ಲಿ ಇರಲೇ ಇಲ್ಲ. ಜನ ಕಿವಿಗೆ ಕೇಳಿದ ಕಡೆ ಕತ್ತರಿಸಿ ಅದನ್ನು ಬೇರೆ ಪದವನ್ನೇ ಮಾಡಿಕೊಂಡರು.

ಅಭ್ಯಾಸವನ್ನೂ ಬಾಲದಿಂದಲೇ ಮಾಡಿ. ‘ರೆಸ್ಪಾನ್ಸಿಬಿಲಿಟಿ’ ನಾಲಿಗೆಗೆ ತೊಡರಿದರೆ ಮೊದಲು ‘ಬಿಲಿಟಿ’ ಅನ್ನಿ, ‘ಬಿ’ ಒತ್ತಿ. ಆಮೇಲೆ ‘ಸಬಿಲಿಟಿ’. ಆಮೇಲೆ ‘ಸ್ಪಾನ್ಸಬಿಲಿಟಿ’. ಕೊನೆಗೆ ‘ರಿ’ ಸೇರಿಸಿ. ಅನುಮಾನ ಬಂದರೆ ಡಿಕ್ಷನರಿಯಲ್ಲಿ ಉಚ್ಚಾರಣೆ ನೋಡಿ. ಹೆಚ್ಚಿನವು ಸ್ಟ್ರೆಸ್ ಇರುವ ಸಿಲಬಲ್ ಶುರುವಾಗುವ ಮುಂಚೆ, ಮೇಲೆ ಒಂದು ಪುಟ್ಟ ನೆಟ್ಟ ಗೀಟು ಹಾಕಿರುತ್ತವೆ. ಕೆಳಗೆ ಹಾಕಿದ ಗೀಟು ಕಂಡರೆ ಅದು ಎರಡನೇ ದರ್ಜೆಯ ಸ್ಟ್ರೆಸ್.