ಕಿಡ್ನಿ ಸ್ಟೋನ್ ಆದ್ರೆ ಮುದ್ದೆ, ಹಾಲು, ಮೊಸರು ಬಿಡ್ಬೇಕಾ?

ಪ್ರಶ್ನೆ: ನಮ್ಮನೆಯವ್ರಿಗೆ ಸ್ಕ್ಯಾನಿಂಗಲ್ಲಿ 6 ಎಂಎಂ ಕಲ್ಲು ಅಂತ ಬಂದಿದೆ. ಕಲ್ಲು ಅಂದ್ರೆ ಕ್ಯಾಲ್ಸಿಯಂ ತಾನೆ, ರಾಗಿ, ಹಾಲು, ಮೊಸರು ಎಲ್ಲಾ ನಿಲ್ಸಿಬಿಡಿ ಅಂತ ಮನೇಲಿ ಎಲ್ರೂ ಹೇಳ್ತಿದಾರೆ. ನಿಲ್ಸ್ಲಾ?

ನಿಲ್ಸ್ಬೇಡಿ ಅಕ್ಕ. ನಮ್ಮತ್ತೆನೂ ಹೀಗೇ ಯಾರೋ ಹೇಳಿದ್ರು ಅಂತ ಎರಡು ವರ್ಷ ಮುದ್ದೆ ಮುಟ್ಲಿಲ್ಲ, ಮಜ್ಜಿಗೆ ಕೂಡ ಬಿಟ್ರು, ಆದ್ರೂ ಇನ್ನೊಂದು ಕಲ್ಲು ಆಯ್ತು, ಅದಕ್ಕೇ ಈ ಪ್ರಶ್ನೆ ನೋಡಿದ್ರೆ ನಂಗೆ ಸುಮ್ನಿರಕ್ಕಾಗಲ್ಲ.

ಹೆಚ್ಚಿನವ್ರಿಗೆ ಆಗೋದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಎಲ್ರೂ ಮೊದಲನೇ ಹೆಸರು ಹಿಡ್ಕೊಂಡು ಹೆದರ್ತಾರೆ, ಎರಡನೇದನ್ನ ಕೇಳೋದೇ ಇಲ್ಲ. ಆಕ್ಸಲೇಟ್ ಇರೋದು ಪಾಲಕ್, ಬಸಳೆ, ದಂಟಿನ ಸೊಪ್ಪು, ಬೀಟ್‌ರೂಟ್, ಬಾದಾಮಿ ಇಂಥದ್ರಲ್ಲಿ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ರೆ ಗಂಟಲು ಕೆರೆಯತ್ತಲ್ಲ, ಅದೂ ಈ ಕ್ಯಾಲ್ಸಿಯಂ ಆಕ್ಸಲೇಟಿನ ಸಣ್ಣ ಸಣ್ಣ ಸೂಜಿಗಳದ್ದೇ ಕೆಲಸ. ಈಗ ಬಸಳೆ ಸಾರಿನ ಜೊತೆ ಮೊಸರೂ ತಿಂದ್ರಿ ಅನ್ಕೊಳ್ಳಿ, ಮೊಸರಿನ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನ ಹಿಡ್ಕೊಂಡು ಎರಡೂ ಮಲದಲ್ಲಿ ಹೊರಗೆ ಹೋಗತ್ತೆ. ಮೊಸರೇ ಇಲ್ಲ ಅಂದ್ರೆ ಆಕ್ಸಲೇಟನ್ನ ಹಿಡಿಯೋರು ಯಾರೂ ಇರಲ್ಲ, ಅದು ರಕ್ತಕ್ಕೆ ಸೇರಿ ಕಿಡ್ನಿಗೆ ಬಂದು ಅಲ್ಲಿರೋ ಕ್ಯಾಲ್ಸಿಯಂ ಜೊತೆ ಸೇರತ್ತೆ. ನೀವು ಹಾಲು ಬಿಟ್ರೂ ಮೂತ್ರದಲ್ಲಿ ಕ್ಯಾಲ್ಸಿಯಂ ಇದ್ದೇ ಇರತ್ತೆ, ಊಟದಲ್ಲಿ ಸಿಗದೇ ಇದ್ರೆ ಮೈ ಅದನ್ನ ಮೂಳೆಯಿಂದ ತಗೊಳ್ಳತ್ತೆ.

ಇಟಲಿಯಲ್ಲಿ ಮತ್ತೆ ಮತ್ತೆ ಕಲ್ಲಾಗ್ತಿದ್ದ 120 ಗಂಡಸರನ್ನ 5 ವರ್ಷ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಜನಕ್ಕೆ ಮತ್ತೆ ಕಲ್ಲಾಯ್ತು, ಮಾಮೂಲಿ ಕ್ಯಾಲ್ಸಿಯಂ ತಿಂದು ಉಪ್ಪು, ಮಾಂಸ ಕಮ್ಮಿ ಮಾಡಿದ 60 ಜನರಲ್ಲಿ 12 ಜನಕ್ಕೆ ಮಾತ್ರ.

ಆ ಉಪ್ಪು ಅನ್ನೋ ಮಾತು ಗಮನಿಸಿ, ನಮ್ಮ ಕಡೆ ನಿಜವಾದ ತೊಂದರೆ ಅಲ್ಲೇ ಇರೋದು ಅಂತ ನಂಗನ್ಸತ್ತೆ. ಉಪ್ಪು ಜಾಸ್ತಿ ಆದಷ್ಟೂ ಕಿಡ್ನಿ ಮೂತ್ರಕ್ಕೆ ಕ್ಯಾಲ್ಸಿಯಂ ಜಾಸ್ತಿ ಬಿಡತ್ತೆ. ದಿನಕ್ಕೆ 5 ಗ್ರಾಂ ಒಳಗಿರ್ಬೇಕು, ಅಂದ್ರೆ ಒಂದು ಟೀ ಚಮಚ, ಅದ್ರಲ್ಲೇ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಸಂಜೆ ಮಿಕ್ಸ್ಚರ್ ಎಲ್ಲಾ ಬಂತು. ಮುದ್ದೆ ಬಿಡ್ಸೋ ಬದ್ಲು ಉಪ್ಪಿನಕಾಯಿ ಜಾಡಿ ಮೇಲಿನ ಅಟ್ಟಕ್ಕೆ ಇಡಿ.

ರಾಗೀಲಿ 100 ಗ್ರಾಂಗೆ ಸುಮಾರು 350 ಎಂಜಿ ಕ್ಯಾಲ್ಸಿಯಂ ಇದೆ, ಸ್ವಲ್ಪ ಆಕ್ಸಲೇಟೂ ಇದೆ, ಹಾಗಾಗಿ ಮುದ್ದೆ ಉಣ್ಣೋ ದಿನ ಕೊನೇಲಿ ಮಜ್ಜಿಗೆ ಇರ್ಲಿ, ಅದಕ್ಕೆ ಉಪ್ಪು ಹಾಕ್ಬೇಡಿ. ಕ್ಯಾಲ್ಸಿಯಂ ಮಾತ್ರೆ ವಿಷಯ ಬೇರೆ. ಅದ್ರಿಂದ ಕೆಲವ್ರಿಗೆ ಕಲ್ಲಿನ ಸಾಧ್ಯತೆ ಸ್ವಲ್ಪ ಹೆಚ್ಚತ್ತೆ, ತಗೋತಿದ್ರೆ ಡಾಕ್ಟರ್ ಹತ್ರ ಮಾತಾಡಿ, ತಗೊಂಡ್ರೂ ಊಟದ ಜೊತೆಗೇ ತಗೊಳ್ಳಿ.

ನೀರು ಎಷ್ಟು ಕುಡೀಬೇಕು ಅಂತ ಲೋಟ ಲೆಕ್ಕ ಹಾಕೋದಕ್ಕಿಂತ ಮೂತ್ರ ದಿನಕ್ಕೆ ಎರಡೂವರೆ ಲೀಟರ್ ಬರೋ ಹಾಗೆ ಕುಡೀಬೇಕು, ಬಣ್ಣ ತಿಳಿಯಾಗಿರ್ಬೇಕು. ರಾಯಚೂರು, ಕಲಬುರಗಿ ಬಿಸಿಲಲ್ಲಿ ದುಡಿಯೋರಿಗೆ ಅರ್ಧ ನೀರು ಬೆವರಲ್ಲೇ ಹೋಗತ್ತೆ, ಅವ್ರು ಇನ್ನೂ ಜಾಸ್ತಿ ಕುಡೀಬೇಕು. ಬೋರ್ ನೀರು ಗಡಸು ಅಂತ ಕುಡಿಯೋದನ್ನೇ ಕಮ್ಮಿ ಮಾಡೋದಂತೂ ದೊಡ್ಡ ತಪ್ಪು. ನಿಂಬೆಹಣ್ಣು ಹಿಂಡ್ಕೊಂಡು ಕುಡೀಲಿ, ಅದ್ರ ಸಿಟ್ರೇಟ್ ಕಲ್ಲು ಬೆಳೆಯೋದನ್ನ ತಡಿಯತ್ತೆ.

ಈಗಿರೋ 6 ಎಂಎಂ ಕಲ್ಲು ತಾನಾಗೇ ಬೀಳತ್ತಾ ಇಲ್ವಾ ಅನ್ನೋದು ಅದು ಎಲ್ಲಿ ಕೂತಿದೆ ಅನ್ನೋದ್ರ ಮೇಲಿದೆ, ಅದನ್ನ ಡಾಕ್ಟರೇ ಹೇಳ್ಬೇಕು. ನೋವಿನ ಜೊತೆ ಚಳಿಜ್ವರ ಬಂದ್ರೆ ಅಥವಾ ಮೂತ್ರ ಕಟ್ಟಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರೀನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಇನ್ನೊಂದು ವಿಷಯ, ಕಲ್ಲು ಬಿದ್ರೆ ಎಸೀಬೇಡಿ. ಒಂದು ಹಳೇ ಟೀ ಸೋಸೋ ಜರಡಿ ಬಾತ್‌ರೂಮಲ್ಲಿ ಇಟ್ಟಿರಿ, ಸಿಕ್ಕಿದ್ದನ್ನ ಒಣಗಿಸಿ ಡಬ್ಬೀಲಿ ಹಾಕಿ ಲ್ಯಾಬಿಗೆ ಕೊಡಿ. ಯೂರಿಕ್ ಆಸಿಡ್ ಕಲ್ಲು ಅಂತ ಬಂದ್ರೆ ಪಥ್ಯಾನೇ ಬೇರೆ, ಆಗ ಕಮ್ಮಿ ಮಾಡ್ಬೇಕಾಗಿರೋದು ಬಸಳೆ ಅಲ್ಲ, ಮಟನ್ನು, ಮೀನು.