ಏಕಾಗ್ ಸೈಟ್: ಆ 4 ಪಟ್ಟು ಲೆಕ್ಕದಲ್ಲಿ ಎಲ್ಲಿ ಹೋಯ್ತು?

ಕಾಲಾಳು ಸೈನಿಕರ ರೈಫಲ್ ಮೇಲಿನ ಸ್ಕೋಪ್ ಬಗ್ಗೆ ಓದುತ್ತಾ ಬರೆದಿಟ್ಟ ಟಿಪ್ಪಣಿ ಇದು. ಎಲ್ಲ ದೇಶಗಳದ್ದನ್ನೂ ಹಿಡಿದರೆ ಮುಗಿಯುವುದಿಲ್ಲ. ಹಾಗಾಗಿ ಅಮೆರಿಕದ ಮರೀನ್ ಕೋರ್‌ನ (ಭೂಸೇನೆಯಿಂದ ಬೇರೆಯಾದ ಪಡೆ) ಆರ್‌ಸಿಓ, ಅಂದರೆ ರೈಫಲ್ ಕಾಂಬ್ಯಾಟ್ ಆಪ್ಟಿಕ್, ಅನ್ನುವ ಸೈಟ್ ಒಂದನ್ನೇ ಗಟ್ಟಿ ಮಾಡಿಕೊಳ್ಳೋಣ. ಅದು ಟ್ರಿಜಿಕಾನ್ ಕಂಪನಿಯ ಏಕಾಗ್. 4 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಲೆನ್ಸ್ 32 ಮಿ.ಮೀ., ಬ್ಯಾಟರಿ ಇಲ್ಲ. ಕಬ್ಬಿಣದ ಸೈಟ್ (ಲೆನ್ಸ್ ಇಲ್ಲದ ಮಾಮೂಲಿ ಗುರಿಗುರುತು), ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್) ಬಗ್ಗೆ ಹೆಚ್ಚು ಹೇಳುವುದಿಲ್ಲ.

ಯಾರಿಗೆ ಕೊಡುತ್ತಾರೆ

ಒಂದೊಂದು ಸೈನ್ಯದ್ದು ಒಂದೊಂದು ದಾರಿ. ಆಸ್ಟ್ರಿಯಾದವರು 1977ರಲ್ಲೇ ಸ್ಟೈರ್ ಆಗ್ ರೈಫಲ್‌ನ ಹಿಡಿಕೆಯೊಳಗೆ 1.5 ಪಟ್ಟಿನ ಸ್ಕೋಪ್ ಕೂರಿಸಿಬಿಟ್ಟರು. ರೈಫಲ್ ಸಿಕ್ಕವನಿಗೆ ಸ್ಕೋಪೂ ಸಿಕ್ಕಿತು, ಮುಗೀತು. ಬ್ರಿಟಿಷರು ಎಸ್‌ಎ80 ರೈಫಲ್ ಜೊತೆ 4 ಪಟ್ಟಿನ ಸುಸ್ಯಾಟ್ ಸ್ಕೋಪ್ ತಂದರು. ಆದರೆ ಅದು ಮುಖ್ಯವಾಗಿ ಕಾಲಾಳುಗಳಿಗೆ. ಹಿಂದೆ ನಿಂತು ಸಾಮಾನು ಸರಂಜಾಮು ನೋಡಿಕೊಳ್ಳುವವರಿಗೆ ಕಬ್ಬಿಣದ ಸೈಟೇ ಗತಿಯಾಗಿತ್ತು. ಕೆನಡಾದವರದ್ದು 3.4 ಪಟ್ಟಿನ ಎಲ್ಕನ್. ಅಮೆರಿಕದ ಭೂಸೇನೆಯಲ್ಲಿ ತುಂಬಾ ಜನಕ್ಕೆ ಸಿಕ್ಕಿದ್ದು ದೊಡ್ಡದು ಮಾಡದ ಎಂ68 ರೆಡ್ ಡಾಟ್. ಏಕಾಗ್ ಅಲ್ಲಿ ಎಂ150 ಎಂಬ ಹೆಸರಲ್ಲಿದೆ. ಮರೀನ್‌ಗಳು ಮಾತ್ರ ಅದನ್ನು ಸಾಮಾನ್ಯ ರೈಫಲ್‌ಮನ್‌ನ ಮಾಮೂಲಿ ಸೈಟ್ ಮಾಡಿಕೊಂಡರು.

ಸೈಟ್ ಕೊಡುವಾಗ ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ. ಬೆಲೆ ಜಾಸ್ತಿ ಅನ್ನುವುದು ಒಂದು ಕಾರಣ. ಇನ್ನೊಂದು, ಅದರೊಳಗೆ ಟ್ರಿಟಿಯಂ ಇದೆ. ರಾತ್ರಿ ಗುರುತು ಹೊಳೆಯುವುದು ಅದರಿಂದಲೇ. ಅದು ವಿಕಿರಣ ವಸ್ತು ಆದ್ದರಿಂದ ಸೈಟ್ ಒಡೆದರೆ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗೆ ತಿಳಿಸಬೇಕು. ಅದರ ಅರ್ಧಾಯುಷ್ಯ 12.3 ವರ್ಷ, ಅಂದರೆ ಹಳೇ ಸೈಟ್ ತಾನಾಗಿಯೇ ಮಂಕಾಗುತ್ತದೆ. ಹಗಲಲ್ಲಿ ಮೇಲಿರುವ ಕೆಂಪು ಫೈಬರ್ ಬೆಳಕು ಹೀರಿ ಗುರುತನ್ನು ಬೆಳಗಿಸುತ್ತದೆ. ಉರಿಬಿಸಿಲಲ್ಲಿ ಅದು ಎಷ್ಟು ಉರಿಯುತ್ತದೆ ಅಂದರೆ ಗುರುತಿನ ತುದಿಯೇ ಕಾಣದಂತೆ ಹರಡಿಕೊಳ್ಳುತ್ತದೆ. ಅದಕ್ಕೇ ಸೈನಿಕರು ಫೈಬರ್ ಮೇಲೆ ಕಪ್ಪು ಟೇಪ್ ಸುತ್ತಿ, ಸ್ವಲ್ಪ ಜಾಗ ಮಾತ್ರ ತೆರೆದು ಬಿಡುತ್ತಾರೆ.

ಗೆರೆಯಿಂದ ದೂರ ತಿಳಿಯುವುದು

ಈಗ ಅಸಲಿ ತಲೆನೋವು. ಸೈಟೊಳಗೆ ತಲೆಕೆಳಗಾದ ‘ವಿ’ ಆಕಾರದ ಶೆವ್ರಾನ್ ಇದೆ. ಅದರ ತುದಿ 100 ಮೀಟರಿಗೆ. ಅದರ ಕೆಳಗೆ ಒಂದು ಕಡ್ಡಿ, ಕಡ್ಡಿಗೆ ಅಡ್ಡಡ್ಡ ಗೆರೆಗಳು: 400, 500, 600, 700, 800 ಮೀಟರಿಗೆ ಒಂದೊಂದು. ಕೆಳಗೆ ಹೋದಂತೆ ಗೆರೆ ಗಿಡ್ಡವಾಗುತ್ತದೆ. ಯಾಕೆಂದರೆ ಪ್ರತಿ ಗೆರೆಯ ಅಗಲವೂ ಆಯಾ ದೂರದಲ್ಲಿ 19 ಇಂಚಿಗೆ ಸಮ. ಗಂಡಸಿನ ಭುಜದ ಅಗಲ ಸುಮಾರು ಅಷ್ಟು ಅಂತ ಲೆಕ್ಕ. ಶೆವ್ರಾನ್‌ನ ಬುಡದ ಅಗಲವೂ ಅದೇ ರೀತಿ, ಅದು 300 ಮೀಟರಿನ ಭುಜ.

ಇದಕ್ಕೊಂದು ಸುಲಭದ ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ವಸ್ತುವಿನ ಅಗಲವನ್ನು ಮಿಲಿಮೀಟರಿನಲ್ಲಿ ಬರೆಯಿರಿ, ದೂರವನ್ನು ಮೀಟರಿನಲ್ಲಿ. ಭಾಗಿಸಿ. ಬಂದದ್ದು ಮಿಲ್‌ನಲ್ಲಿ ಕೋನ (1000 ಮೀಟರ್ ದೂರದ 1 ಮೀಟರ್ ಅಗಲ ಅಂದರೆ 1 ಮಿಲ್). ಅಷ್ಟೇ! 19 ಇಂಚು ಅಂದರೆ 483 ಮಿ.ಮೀ. 300ರಿಂದ ಭಾಗಿಸಿದರೆ 1.61 ಮಿಲ್. 400ಕ್ಕೆ 1.21, 600ಕ್ಕೆ 0.80, 800ಕ್ಕೆ 0.60. ಎಂಓಎ (ಒಂದು ಡಿಗ್ರಿಯ 60ನೇ ಒಂದು ಭಾಗ) ಬೇಕಿದ್ದರೆ 3.44ರಿಂದ ಗುಣಿಸಿ. 1.61ಕ್ಕೆ ಹತ್ತಿರ ಹತ್ತಿರ 5.53 ಬರುತ್ತದೆ. ಕಂಪನಿಯವರು ಶೆವ್ರಾನ್ ಅಗಲ ಅಂತ ಕೊಡುವುದೂ ಇದೇ 5.53 ಎಂಓಎ.

ಇಲ್ಲಿ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೈಟ್ 4 ಪಟ್ಟು ದೊಡ್ಡದು ಮಾಡುತ್ತದೆ ಅಲ್ವಾ? ಹಾಗಿದ್ದರೆ ಲೆಕ್ಕದಲ್ಲಿ ಎಲ್ಲೂ 4 ಯಾಕೆ ಬರಲಿಲ್ಲ? ಮನುಷ್ಯ 4 ಪಟ್ಟು ಅಗಲ ಕಂಡರೆ ಹತ್ತಿರ ಇದ್ದಾನೆ ಅಂತ ತಪ್ಪಾಗಿ ಓದಬೇಕಿತ್ತಲ್ಲ?

ನಿಧಾನವಾಗಿ ನೋಡಿ. 300 ಮೀಟರಿನಲ್ಲಿರುವವನ ಭುಜ ಬರಿಗಣ್ಣಿಗೆ 1.61 ಮಿಲ್. ಸೈಟಿನ ಮುಂದಿನ ಲೆನ್ಸ್ ಅವನ ಪುಟ್ಟ ಚಿತ್ರವನ್ನು ಒಳಗೆ ಒಂದು ಕಡೆ ಮೂಡಿಸುತ್ತದೆ. ರೆಟಿಕಲ್, ಅಂದರೆ ಶೆವ್ರಾನ್ ಮತ್ತು ಗೆರೆಗಳು, ಇರುವುದೂ ಆ ಚಿತ್ರದ ಜಾಗದಲ್ಲೇ. ಕಣ್ಣಿನ ಕಡೆಯ ಲೆನ್ಸ್ ಈ ಎರಡನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಭುಜ 6.44 ಮಿಲ್ ಆಗಿ ಕಾಣುತ್ತದೆ, ಶೆವ್ರಾನ್ ಕೂಡ 6.44 ಆಗಿಯೇ ಕಾಣುತ್ತದೆ. ಸ್ಕೇಲ್ ಇಟ್ಟ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದರೆ ನಕ್ಷೆಯ ಜೊತೆ ಸ್ಕೇಲೂ ದೊಡ್ಡದಾಗುತ್ತದಲ್ಲ, ಹಾಗೆ. ನಾವು ನೋಡುವುದು ಭುಜಕ್ಕೆ ಗೆರೆ ಸರಿಹೊಂದಿತಾ ಅಂತ ಮಾತ್ರ. 4 ಎರಡೂ ಕಡೆ ಇದೆ, ಹೊಡೆದುಹೋಯಿತು. ಹಾಗಾದರೆ 4 ಪಟ್ಟಿನಿಂದ ಲಾಭವೇನು? ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಎದುರಿನವನ ಕೈಯಲ್ಲಿರುವುದು ಬಂದೂಕೋ ಗುದ್ದಲಿಯೋ ಅಂತ ಗೊತ್ತಾಗುತ್ತದೆ. ನನ್ನ ಪ್ರಕಾರ ಗುಂಡು ಹೊಡೆಯುವುದಕ್ಕಿಂತ ಹೊಡೆಯದೆ ಇರುವುದಕ್ಕೆ ಇದು ಜಾಸ್ತಿ ಉಪಯೋಗ.

ಇನ್ನೊಂದು ಮಾತು. ದೂರ ಅಳೆಯುವುದು ಮತ್ತು ಗುರಿ ಇಡುವುದು ಎರಡು ಬೇರೆ ಕೆಲಸ ಅಲ್ಲ. ಭುಜಕ್ಕೆ ಹೊಂದಿದ ಗೆರೆ ಯಾವುದೋ ಅದೇ ಗೆರೆ ಕಡ್ಡಿಯನ್ನು ದಾಟುವ ಜಾಗವೇ ಗುರಿ. ಗುಂಡು ಎಷ್ಟು ಇಳಿಯುತ್ತದೆ ಅನ್ನುವ ಲೆಕ್ಕ ಗೆರೆಯ ಎತ್ತರದಲ್ಲೇ ಇದೆ.

ಎಡವಟ್ಟು ಎಲ್ಲಿ ಅಂದರೆ, ಪಕ್ಕಕ್ಕೆ ತಿರುಗಿ ನಿಂತವನು. ಅವನ ಅಗಲ ಹೆಚ್ಚುಕಡಿಮೆ ಅರ್ಧ, ಹಾಗಾಗಿ 300 ಮೀಟರಿನಲ್ಲಿದ್ದರೂ 600ರ ಗೆರೆಗೆ ಹೊಂದುತ್ತಾನೆ. ಆ ಗೆರೆಯಲ್ಲಿ ಹೊಡೆದರೆ ಗುಂಡು ತಲೆ ಮೇಲೆ ಹಾರಿಹೋಗುತ್ತದೆ.

ರೈಫಲ್ ಬದಲಾದರೆ

ಗೆರೆಗಳ ಎತ್ತರ ಒಂದು ಬ್ಯಾರೆಲ್‌ಗೆ, ಒಂದು ಗುಂಡಿಗೆ ಕಟ್ಟಿಹಾಕಿದ್ದು. ಎಂ16ಎ4 ರೈಫಲ್‌ನ ಬ್ಯಾರೆಲ್ 20 ಇಂಚು, ಎಂ4 ರೈಫಲ್‌ನದ್ದು 14.5. ಬ್ಯಾರೆಲ್ ಗಿಡ್ಡ ಆದರೆ ವೇಗ ಕಡಿಮೆ, ಗುಂಡು ಬೇಗ ಇಳಿಯುತ್ತದೆ. ಅದಕ್ಕೇ ಮರೀನ್‌ಗಳಲ್ಲಿ ಪಿವಿಕ್ಯೂ-31ಎ ಎಂಬ ಏಕಾಗ್ ಎಂ16ಗೆ, 31ಬಿ ಎಂ4ಗೆ. ಹೊರಗಿಂದ ಅವಳಿಜವಳಿ. ಅದಲು ಬದಲಾದರೆ ಹತ್ತಿರದಲ್ಲಿ ಏನೂ ಗೊತ್ತಾಗುವುದಿಲ್ಲ, ದೂರದಲ್ಲಿ ಕೈಕೊಡುತ್ತದೆ.

ಕಣ್ಣು

ಬೇಗ ಮುಗಿಸುತ್ತೇನೆ. ಏಕಾಗ್‌ನಲ್ಲಿ ಕಣ್ಣು ಸುಮಾರು 38 ಮಿ.ಮೀ. ದೂರದಲ್ಲೇ ಇರಬೇಕು, ಅಂದರೆ ಮೂಗು ರೈಫಲ್‌ನ ಹಿಂದಿರುವ ಚಾರ್ಜಿಂಗ್ ಹ್ಯಾಂಡಲ್‌ಗೆ (ಗುಂಡು ಏರಿಸಲು ಎಳೆಯುವ ಹಿಡಿ) ತಾಗುವಷ್ಟು ಹತ್ತಿರ. ಲೆನ್ಸ್ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ (32÷4) 8 ಮಿ.ಮೀ. ಅಷ್ಟು ದಪ್ಪದ ಬೆಳಕು ಹೊರಬರುತ್ತದೆ. ಕತ್ತಲಲ್ಲಿ ಕಣ್ಣಿನ ಪಾಪೆ ಅರಳುವುದೇ 7 ಮಿ.ಮೀ. ಆಸುಪಾಸು, ಹಾಗಾಗಿ ಮುಸ್ಸಂಜೆಯಲ್ಲೂ ಚೆನ್ನಾಗಿ ಕಾಣುತ್ತದೆ. ಹತ್ತಿರದ ಗುರಿಗೆ ಎರಡೂ ಕಣ್ಣು ತೆರೆದಿಡಬೇಕು. ರೈಫಲ್ ಅಲ್ಲಾಡುವಾಗ ದೊಡ್ಡ ಚಿತ್ರ ಕಲಸಿಹೋಗಿ, ಮಿದುಳು ಇನ್ನೊಂದು ಕಣ್ಣಿನ ಮಾಮೂಲಿ ನೋಟವನ್ನೂ ಹೊಳೆಯುವ ಶೆವ್ರಾನನ್ನೂ ಸೇರಿಸಿ ತೋರಿಸುತ್ತದೆ. ಕಂಪನಿ ಕಟ್ಟಿದ ಗ್ಲಿನ್ ಬಿಂಡನ್ ಹೆಸರಲ್ಲೇ ಈ ಉಪಾಯ ಇದೆ. ಆದರೂ ಕೋಣೆಯೊಳಗೆ 4 ಪಟ್ಟು ಕಷ್ಟವೇ.

ಈಗಿನದ್ದು

ಅದಕ್ಕೇ 2020ರಲ್ಲಿ ಮರೀನ್‌ಗಳು ಅದೇ ಟ್ರಿಜಿಕಾನ್‌ನ, 1ರಿಂದ 8 ಪಟ್ಟಿಗೆ ಝೂಮ್ ಆಗುವ ವಿಕಾಗ್ ಆರಿಸಿಕೊಂಡರು, ಸುಮಾರು 19,000 ಸೈಟ್. ಇಲ್ಲಿ ಮೇಲಿನ 4ರ ಪ್ರಶ್ನೆ ಮತ್ತೆ ಬೇಕಾಗುತ್ತದೆ. ಝೂಮ್ ಸ್ಕೋಪ್‌ನೊಳಗೆ ಚಿತ್ರ ಮೂಡುವ ಜಾಗ (ಫೋಕಲ್ ಪ್ಲೇನ್) ಎರಡು. ರೆಟಿಕಲ್ ಝೂಮ್‌ಗಿಂತ ಮುಂಚಿನ ಮೊದಲನೆಯದರಲ್ಲಿದ್ದರೆ ಝೂಮ್ ಜೊತೆ ಅದೂ ಬೆಳೆಯುತ್ತದೆ, ಯಾವ ಪಟ್ಟಿನಲ್ಲೂ ಮಿಲ್ ಲೆಕ್ಕ ಸರಿ. ಎರಡನೆಯದರಲ್ಲಿದ್ದರೆ ಚಿತ್ರ ಮಾತ್ರ ಬೆಳೆಯುತ್ತದೆ, ಲೆಕ್ಕ ಒಂದೇ ಪಟ್ಟಿನಲ್ಲಿ ಸರಿ. ವಿಕಾಗ್ ಮೊದಲನೇ ಜಾತಿ. ಭೂಸೇನೆ 2022ರಲ್ಲಿ ಆರಿಸಿದ ವೋರ್ಟೆಕ್ಸ್‌ನ ಎಕ್ಸ್‌ಎಂ157ರಲ್ಲಂತೂ ಲೇಸರ್ ದೂರ ಅಳೆಯುತ್ತದೆ, ಒಳಗಿನ ಕಂಪ್ಯೂಟರ್ ಗುರಿಯ ಚುಕ್ಕೆ ಇಡುತ್ತದೆ.

ಅಭ್ಯಾಸಕ್ಕೊಂದು ಲೆಕ್ಕ: ಸ್ಟೈರ್ ಆಗ್‌ನ ಒಳಗಿರುವುದು ಒಂದು ಉಂಗುರ. 180 ಸೆಂ.ಮೀ. ಎತ್ತರದವನು 300 ಮೀಟರಿನಲ್ಲಿ ಅದರೊಳಗೆ ಸರಿಯಾಗಿ ಹಿಡಿಸುತ್ತಾನೆ. 1800 ÷ 300 = 6 ಮಿಲ್. ಅವನು ಉಂಗುರದ ಅರ್ಧ ಮಾತ್ರ ತುಂಬಿದರೆ 3 ಮಿಲ್, ಅಂದರೆ 600 ಮೀಟರ್. ಆ ಸ್ಕೋಪ್ 1.5 ಪಟ್ಟಿನದ್ದು ಅನ್ನುವುದು ಇಲ್ಲೂ ಲೆಕ್ಕಕ್ಕೆ ಬರಲಿಲ್ಲ ನೋಡಿ.