ತಂದೆಗೆ ಲಕ್ವ ಹೊಡೆದಿದೆ, ನಾನು ವಂಶವಾಹಿ ಪರೀಕ್ಷೆ ಮಾಡಿಸಬೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 71ನೇ ವಯಸ್ಸಿನಲ್ಲಿ ಲಕ್ವ ಹೊಡೆಯಿತು. ಹೃದಯದ ಬಡಿತ ಲಯ ತಪ್ಪಿದ್ದೇ ಕಾರಣವೆಂದು ವೈದ್ಯರು ಹೇಳಿದರು. ನನಗೀಗ 52. ವಂಶವಾಹಿ ಪರೀಕ್ಷೆಯಿಂದ ನನ್ನ ಅಪಾಯ ಮೊದಲೇ ತಿಳಿಯುವುದೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಮ್ಮ ತಂದೆಯವರಿಗೆ ಇದ್ದದ್ದು ಬಹುಶಃ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಅದುರತೊಡಗಿದಾಗ ಎಡಕೋಣೆಯ ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಈ ತೊಂದರೆಯಿರುವವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು ಹೆಚ್ಚು. ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆಗಳು ಆ ಅಪಾಯವನ್ನು ಸುಮಾರು ಮೂರನೇ ಎರಡರಷ್ಟು ತಗ್ಗಿಸುತ್ತವೆ. ಆದರೆ ಹಲವರಿಗೆ ಯಾವ ಲಕ್ಷಣವೂ ಕಾಣಿಸದ ಕಾರಣ ಹುಡುಕಿಯೇ ಪತ್ತೆ ಮಾಡಬೇಕಾಗುತ್ತದೆ.

ಯಾರಲ್ಲಿ ಹುಡುಕಬೇಕೆಂಬುದೇ ಕಠಿಣ ಪ್ರಶ್ನೆ. ಡೆನ್ಮಾರ್ಕಿನಲ್ಲಿ 70 ದಾಟಿದ ಸುಮಾರು 6,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಲೂಪ್ ಅಧ್ಯಯನದಲ್ಲಿ, ಚರ್ಮದಡಿ ಬಡಿತ ದಾಖಲಿಸುವ ಉಪಕರಣ ಇರಿಸಿಕೊಂಡವರ ಪೈಕಿ ಸುಮಾರು ಶೇ. 32ರಷ್ಟು ಮಂದಿಯಲ್ಲಿ ಈ ತೊಂದರೆ ಕಂಡುಬಂತು. ಉಳಿದವರಲ್ಲಿ ಅದು ಶೇ. 12 ಮಾತ್ರ. ಹಾಗಿದ್ದೂ ಲಕ್ವದ ಪ್ರಮಾಣ ಖಚಿತವಾಗಿ ಇಳಿಯಿತೆಂದು ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಸಿಕ್ಕಿದ್ದೆಲ್ಲ ಅಪಾಯಕಾರಿಯಲ್ಲದಿರಬಹುದು ಎಂಬ ಸೂಚನೆ ಇದರಿಂದ ಸಿಗುವುದರಿಂದಲೇ, ಹೆಚ್ಚು ಅಪಾಯವಿರುವವರನ್ನು ಮೊದಲು ಆರಿಸುವ ದಾರಿಯಾಗಿ ವಂಶವಾಹಿ ಅಂಕವನ್ನು, ಅಂದರೆ ವಂಶವಾಹಿಗಳನ್ನು ನೋಡಿ ಲೆಕ್ಕ ಹಾಕುವ ಅಪಾಯದ ಅಂಕವನ್ನು, ಸಂಶೋಧಕರು ಪರಿಗಣಿಸುತ್ತಿದ್ದಾರೆ. 2007ರಲ್ಲಿ 4ನೇ ವರ್ಣತಂತುವಿನಲ್ಲಿ ಪಿಐಟಿಎಕ್ಸ್2 ವಂಶವಾಹಿಯ ಬಳಿ ಈ ತೊಂದರೆಯ ಜೊತೆ ನಂಟಿರುವ ತಾಣದ ಮೊದಲ ಸುಳಿವು ದೊರೆಯಿತು. ಈಗ ಅಂಥ ನೂರಕ್ಕೂ ಹೆಚ್ಚು ತಾಣಗಳು ತಿಳಿದಿದ್ದು, ಇವುಗಳ ಸಣ್ಣ ಸಣ್ಣ ಪ್ರಭಾವಗಳನ್ನು ಕೂಡಿಸಿ ಅಂಕ ಕಟ್ಟಲಾಗುತ್ತದೆ.

ಆದರೆ ಈ ಅಂಕಗಳು ಬಹುಪಾಲು ಯುರೋಪ್ ಮೂಲದವರ ಮಾಹಿತಿಯಿಂದ ರೂಪುಗೊಂಡಿರುವುದರಿಂದ ನಮ್ಮವರಲ್ಲಿ ಅವುಗಳ ನಿಖರತೆ ಕುಗ್ಗುತ್ತದೆ. ನಮ್ಮಲ್ಲಿ ಇನ್ನೂ ಕಾಣುವ, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು ಬರುವ ಲಯದೋಷವನ್ನು ಇಂಥ ಅಂಕ ಗುರುತಿಸುವುದೂ ಇಲ್ಲ. ಆದ್ದರಿಂದ ಇಂದಿನ ಸ್ಥಿತಿಯಲ್ಲಿ ನೀವು ಆ ಪರೀಕ್ಷೆಗೆ ಹಣ ಸುರಿಯಬೇಕೆಂದು ನಾನು ಹೇಳಲಾರೆ.

ತಂದೆಯ ಕಾಯಿಲೆಯ ವಿವರವೇ ನಿಮ್ಮ ಕೈಯಲ್ಲಿರುವ ಬೆಲೆಬಾಳುವ ಮಾಹಿತಿ. ಅದನ್ನು ವೈದ್ಯರಿಗೆ ತಿಳಿಸಿ. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಹತ್ತಿರದ ಆಸ್ಪತ್ರೆಯಲ್ಲೋ ಇಸಿಜಿ ಮಾಡಿಸಿ, ರಕ್ತದೊತ್ತಡ ಮತ್ತು ಸಕ್ಕರೆ ನೋಡಿಸಿ. ಮಣಿಕಟ್ಟಿನ ನಾಡಿ ಅಡ್ಡಾದಿಡ್ಡಿಯಾಗಿ ಬಡಿದರೆ ಅಥವಾ ಎದೆ ಡವಗುಟ್ಟಿದರೆ, ಒಂದೆರಡು ದಿನ ಮೈಮೇಲೆ ಧರಿಸುವ ಹೋಲ್ಟರ್ ಪರೀಕ್ಷೆಯ ಬಗ್ಗೆ ಕೇಳಿ. 65 ದಾಟಿದ ಮೇಲೆ ಪ್ರತಿ ಭೇಟಿಯಲ್ಲೂ ನಾಡಿ ನೋಡಿಸಿಕೊಳ್ಳಿ. ಹೆಪ್ಪು ತಡೆಯುವ ಮಾತ್ರೆಗಳಿಂದ ರಕ್ತಸ್ರಾವದ ಅಪಾಯವಿರುವುದರಿಂದ, ಲಯದೋಷ ಇಸಿಜಿಯಲ್ಲಿ ದೃಢಪಡದೆ, ಬರೀ ವಂಶವಾಹಿ ಅಂಕವನ್ನು ನಂಬಿ ಅವನ್ನು ಆರಂಭಿಸಬಾರದು.